ಇಪ್ಪತ್ತನೇ ಸೆಕೆಂಡಿನ ಆಚೆ

ಆ ಮನುಷ್ಯ ಮೂರನೇ ಸಲ ಕುಕ್ಕರುಗಾಲಲ್ಲಿ ಕೂತ. ಮೇಲಿನಿಂದ ನೋಡಿದರೆ ಮನುಷ್ಯ ಅಂದರೆ ಒಂದು ತಲೆ, ಎರಡು ಭುಜ, ಅಷ್ಟೇ; ಉಳಿದದ್ದೆಲ್ಲ ನೆರಳು. ಮಣ್ಣುದಾರಿಯ ಅಂಚನ್ನು ಸನಿಕೆಯಿಂದ ಕೆದಕಿದ. ಕಂಕುಳಲ್ಲಿದ್ದ ಗಂಟಿನಂಥದ್ದನ್ನು ಒಳಕ್ಕೆ ತುರುಕಿ, ಮಣ್ಣೆಳೆದು ತುಳಿದ. ಅತ್ತ ನೋಡಿದ, ಇತ್ತ ನೋಡಿದ, ಸರಸರನೆ ನಡೆದ. ಇಪ್ಪತ್ತು ಸೆಕೆಂಡು. ಚಿತ್ರ ಅಲ್ಲಿಗೆ ನಿಂತಿತು.

ಇಂದ್ರಾಣಿ ಮೂರನೇ ಸಲವೂ ಹಸಿರು ಗುಂಡಿಯನ್ನೇ ಒತ್ತಿದಳು. ಹಠ ಅಂದರೆ ಹಠ.

ನಂಜನಗೂಡಿನ ಬಸ್ ನಿಲ್ದಾಣದ ಹಿಂದೆ, ಬಟ್ಟೆ ಅಂಗಡಿಯ ಮಹಡಿಯಲ್ಲಿ ಹನ್ನೊಂದು ಹೆಣ್ಣುಮಕ್ಕಳು ಕೂತು ದಿನವಿಡೀ ನೋಡುತ್ತಿದ್ದದ್ದು ಇದನ್ನೇ, ಆಕಾಶದಿಂದ ತೆಗೆದ ಯಾವುದೋ ದೇಶದ ಹೊಲಗಳನ್ನು. ಕಂಡ ಮನುಷ್ಯನ ಸುತ್ತ ಚೌಕ ಎಳೆದು ಗುಂಡಿ ಒತ್ತಬೇಕು: ಹೊಲದ ಕೆಲಸವಾದರೆ ಹಸಿರು, ಅನುಮಾನವಾದರೆ ಕೆಂಪು. ಇವರು ಒತ್ತಿದ್ದನ್ನು ನೋಡಿ ನೋಡಿ ಡ್ರೋನಿನ ಯಂತ್ರ ಕಲಿಯುತ್ತದೆ. ಡ್ರೋನು ಯೂರೋಪಿನ ಕಡೆಯ ಒಂದು ಸೈನ್ಯದ್ದು ಎಂದು ತಿಳಿದದ್ದು ಹೋದ ತಿಂಗಳು. ತಿಳಿದ ದಿನವೂ ಎಲ್ಲರೂ ಎಂದಿನಂತೆ ಡಬ್ಬಿ ಬಿಚ್ಚಿ ಊಟ ಮಾಡಿದರು.

ಎಂಟು ತಿಂಗಳಿಂದ ಸದ್ದಿಲ್ಲದ ಆ ಹೊಲಗಳ ಮೇಲೆ ತೇಲಿ ತೇಲಿ ಇಂದ್ರಾಣಿಗೆ ನೆಲವೇ ಮರೆತಂತಾಗಿತ್ತು. ಬಸ್ಸಿನೊಳಗೆ ಕೂತರೂ ಬಸ್ಸಿನ ನೆತ್ತಿ ಕಾಣುತ್ತಿತ್ತು. ಅವ್ವ ಅಂಗಳದಲ್ಲಿ ಅಕ್ಕಿ ಕೇರುತ್ತಿದ್ದರೆ ಮೊರದ ಸುತ್ತ ಒಂದು ಚೌಕ ಎಳೆಯಲು ಬೆರಳು ತುಡಿಯುತ್ತಿತ್ತು. ಇದೊಂದು ಹಿತವಾದ ಹುಚ್ಚು. ಬಿಡಬೇಕೆಂದು ಅವಳಿಗೆ ಅನ್ನಿಸಿರಲೂ ಇಲ್ಲ.

"ಮತ್ತೆ ವಾಪಸ್ ಬಂದದೆ ಕಣಮ್ಮ," ಎಂದು ಸೂಪರ್‌ವೈಸರ್ ಗುರುಪ್ರಸಾದ್ ಅವಳ ಕುರ್ಚಿಯ ಹಿಂದೆ ಬಂದು ನಿಂತ. "ದಾರಿ ಪಕ್ಕ ಅಗೀತಾನೆ, ಏನೋ ಊತಾಕ್ತಾನೆ, ಸುತ್ತ ನೋಡಿ ಓಯ್ತಾನೆ. ಗೈಡ್‌ಲೈನ್ ಪ್ರಕಾರ ಕೆಂಪು."

"ಸಾ, ಅವ ನೀರು ಕದೀತಾವ್ನೆ."

"ಏನು?"

"ಊತಾಕಿದ್ದು ಉಲ್ಲಿನ ಕಂತೆ. ಪಕ್ಕದೋನ ಗದ್ದೆಗೆ ನೀರೋಗೋ ಗಂಡಿಗೆ ಉಲ್ಲು, ಮಣ್ಣು ಮೆತ್ತಿ ಮುಚ್ಚುದ್ರೆ ನೀರು ತನ್ನ ಗದ್ದೆಗೆ ತಿರಿಕತದೆ. ಸರದಿ ಅವಂದಲ್ಲ, ಅದ್ಕೇ ಆಪಾಟಿ ಸುತ್ತ ನೋಡದು. ನಮ್ಮಪ್ಪನೂ ಇಂಗೇ ಮಾಡದು."

ಪಕ್ಕದ ಕುರ್ಚಿಯ ರೋಜಾ ಕಿಸಕ್ಕನೆ ನಕ್ಕಳು. ಗುರುಪ್ರಸಾದ್ ನಗಲಿಲ್ಲ. ಅವನೂ ತಗಡೂರಿನ ರೈತರ ಮನೆಯವನು, ಗಂಡಿ ಕಟ್ಟುವುದು ಅವನಿಗೆ ಗೊತ್ತಿಲ್ಲದ ವಿದ್ಯೆಯೇನಲ್ಲ.

"ಮೂರು ಸಲ ತಪ್ಪಾದ್ರೆ ಕೆಲಸದಿಂದ ತೆಗೀಬೇಕು ಅಂತ ರೂಲ್ಸು," ಎಂದ. ಆಮೇಲೆ ಏನನ್ನಿಸಿತೋ, ಚಿತ್ರಗಳನ್ನು ಪರೀಕ್ಷಿಸುವ ಆ ಸೈನ್ಯದ ನಿವೃತ್ತ ಅಧಿಕಾರಿಗೇ ವೀಡಿಯೋ ಕರೆ ಮಾಡಿದ.

ಪರದೆಯ ಮೇಲೆ ಬಂದವನು ದಣಿದ ಮುದುಕ. ಅವನ ಹಿಂದಿನ ಕಿಟಕಿಯಲ್ಲಿ ಎಲೆಯಿಲ್ಲದ ಮರವೊಂದಿತ್ತು. ಮೆಲ್ಲನೆಯ ದನಿಯಲ್ಲಿ ತುಂಬ ಹೊತ್ತು ಮಾತಾಡಿದ.

"ಅವರ ಸೈನ್ಯ ಟ್ಯಾಂಕಿಗೆ ಎದುರು ಟ್ಯಾಂಕು ನಿಲ್ಸಿ ಓರಾಡದು ಕಲ್ತಿತ್ತಂತೆ," ಎಂದು ಗುರುಪ್ರಸಾದ್ ಕನ್ನಡಕ್ಕಿಳಿಸಿದ. "ಇನ್ಮುಂದೆ ಬರೋ ಶತ್ರು ಯೂನಿಫಾರಂ ಆಕಲ್ವಂತೆ, ಒಲದಲ್ಲಿರೋನ ತರಾನೇ ಇರ್ತಾನಂತೆ. ಮನುಷ್ಯ ಯೋಚ್ನೆ ಮಾಡದ್ರೊಳಗೆ ಎಲ್ಲ ಮುಗ್ದೋಗಿರ್ತದೆ, ಅದ್ಕೇ ಯಾರ ಮ್ಯಾಲೆ ಗುಂಡು ಆರಿಸ್ಬೇಕು ಅಂತ ಮಿಷಿನ್‌ಗೆ ಕಲಿಸ್ತಿರದು ಅಂತಾರೆ. ಇಂಥದೇ ಒಂದು ದಾರೀಲಿ ಊತಿಟ್ಟಿದ್ದ ಬಾಂಬಿಗೆ ಇವರ ಕೈಕೆಳಗಿನ ನಾಕು ಉಡುಗ್ರು ಸತ್ತೋದ್ರಂತೆ."

ಇಂದ್ರಾಣಿಗೆ ಅಯ್ಯೋ ಅನ್ನಿಸಿತು. ನಿಜವಾಗಿಯೂ ಅನ್ನಿಸಿತು.

"ಪಾಪ," ಎಂದಳು. "ಆದ್ರೂ ಸಾ, ಇದರ ಮುಂದಿನ ಚಿತ್ರ ಆಕಕ್ಕೇಳಿ. ಒಂದು ಕಾಲು ಗಂಟೆ ಸಾಕು. ಒಣಗಿದ ಗದ್ದೆ ಕಪ್ಪಗಾಯ್ತದೆ. ನೀರು ಬಂದದ್ದು ಅವರಿಗೇ ಕಾಣ್ತದೆ."

ಗುರುಪ್ರಸಾದ್ ಕೇಳಿದ. ಮುದುಕ ಕನ್ನಡಕ ತೆಗೆದು ಒರೆಸಿಕೊಂಡು, ಎರಡೇ ಮಾತು ಹೇಳಿದ.

"ಮುಂದಿಂದು ಇಲ್ವಂತೆ."

"ಯಾಕಂತೆ?"

ಗುರುಪ್ರಸಾದ್ ಅದನ್ನು ಮುದುಕನ ಹತ್ತಿರ ಕೇಳಲಿಲ್ಲ. ಅವಳೂ ಬಲವಂತ ಮಾಡಲಿಲ್ಲ. ಕರೆ ಮುಗಿದ ಮೇಲೆ ಅವನು ಅವಳ ಮುಖ ನೋಡದೆಯೇ ಹೇಳಿದ, "ನಾಳೆ ಒಂಬತ್ತಕ್ಕೆ ಇನ್ನೊಂದು ಚಾನ್ಸು. ಕೆಂಪು ಒತ್ಬುಡು ತಾಯಿ. ಇಲ್ಲಾಂದ್ರೆ ನಿನ್ನ ಸೀಟು ಉಳಿಸಕ್ಕೆ ನನ್ ಕೈಲಾಗಲ್ಲ."

ಹುಲ್ಲಹಳ್ಳಿಯಲ್ಲಿ ಬಸ್ಸಿಳಿದಾಗ ಬಿಸಿಲು ಇನ್ನೂ ಹಳದಿಯಾಗಿತ್ತು. ಮನೆಗೆ ಹೋಗದೆ ಸೀದಾ ನಾಲೆಯ ಕಡೆ ನಡೆದಳು. ಅಪ್ಪ ದೇವಯ್ಯ ಕಂಕುಳಲ್ಲಿ ಹುಲ್ಲು, ಹೆಗಲಲ್ಲಿ ಸನಿಕೆ ಇಟ್ಟುಕೊಂಡು ಬದುವಿನ ಮೇಲೆ ಬರುತ್ತಿದ್ದ.

"ಇವತ್ತು ಯಾರ ಸರದಿ ಅಪ್ಪ?"

"ಸಣ್ಣಯ್ಯಂದು." ದೇವಯ್ಯ ಹಲ್ಲು ಕಿರಿದ. "ಅವ ಮದ್ವೆಗೋಗವ್ನೆ. ಒಂದರ್ಧ ಗಂಟೆ ನೀರು ಬಿಟ್ಕಂಡ್ರೆ ಏನಾಯ್ತದೆ?"

ಇಂದ್ರಾಣಿ ನಾಲೆಯ ಸೇತುವೆ ಹತ್ತಿ, ಕೈ ಮೇಲೆತ್ತಿ ಮೊಬೈಲು ಹಿಡಿದಳು.

"ವೀಡಿಯೋ ಯಾತಕ್ಕವ್ವ?"

"ಒಬ್ಬರಿಗೆ ತೋರಿಸ್ಬೇಕು."

"ಸಣ್ಣಯ್ಯನ್ಗಲ್ಲ ತಾನೆ?"

ಅಪ್ಪ ಕುಕ್ಕರುಗಾಲಲ್ಲಿ ಕೂತ. ಒಂದು ತಲೆ, ಎರಡು ಭುಜ, ಉದ್ದನೆಯ ನೆರಳು. ಪಕ್ಕದ ಗಂಡಿಯನ್ನು ಕೆದಕಿ, ಹುಲ್ಲು ತುರುಕಿ, ಮಣ್ಣೆಳೆದು ತುಳಿದ. ಅತ್ತ ನೋಡಿದ, ಇತ್ತ ನೋಡಿದ.

"ಅಂಗೆ ಸುತ್ತ ನೋಡಬ್ಯಾಡ ಕಣಪ್ಪ."

"ನೋಡ್ದಿದ್ರೆ ಸಿಕ್ಕಾಕತೀನಲ್ಲವ್ವ," ಎಂದು ಅವನು ಎದ್ದು ಸರಸರನೆ ಹೊಂಗೆಮರದ ಕಡೆ ನಡೆದ.

ಮೊಬೈಲಿನಲ್ಲಿ ಇಪ್ಪತ್ತು ಸೆಕೆಂಡಾಯಿತು. ಅಭ್ಯಾಸಬಲ, ಹೆಬ್ಬೆರಳು ತಾನಾಗಿ ನಿಲ್ಲಿಸುವ ಗುಂಡಿಯ ಮೇಲೆ ಬಂತು. ಅವಳು ಒತ್ತಲಿಲ್ಲ. ಇಪ್ಪತ್ತೊಂದು, ಇಪ್ಪತ್ತೆರಡು. ಅಪ್ಪ ಮರದಡಿ ಕೂತು ಬೀಡಿ ಹಚ್ಚಿದ. ಪರದೆಯ ತುಂಬ ಬರಿಯ ಬದು, ಬಿರುಕು ಬಿಟ್ಟ ಗದ್ದೆ. ಬಹಳ ಹೊತ್ತು ಏನೂ ಆಗಲಿಲ್ಲ.

ಆಮೇಲೆ ಗದ್ದೆಯ ಮೂಲೆಯಲ್ಲಿ ಒಂದಿಷ್ಟು ಮಣ್ಣು ಕಪ್ಪಗಾಯಿತು. ಒಂದು ಬಿರುಕು ತುಂಬಿತು, ಅದರ ಪಕ್ಕದ್ದೂ ತುಂಬಿತು. ಎಲ್ಲಿಂದಲೋ ಕೊಕ್ಕರೆಯೊಂದು ಬಂದಿಳಿದು ಒದ್ದೆ ಅಂಚಿನಗುಂಟ ನಡೆಯತೊಡಗಿತು. ಇಂದ್ರಾಣಿಯ ತೋಳು ಸೋಲುತ್ತಿತ್ತು. ಇನ್ನೊಂದು ಕೈಯ ಆಸರೆ ಕೊಟ್ಟು ಹಿಡಿದೇ ನಿಂತಳು.