ನಲವತ್ತನೇ ನಂಬರಿನ ಪಿಟೀಲು

ಅಂಗಡಿಯಲ್ಲಿ ಒಂದು ಪಿಟೀಲು ಹುಡುಕಬೇಕೆಂದರೆ ಎರಡು ಕೋಣೆ, ಒಂದು ಏಣಿ, ಅಂಗಡಿ ನಡೆಸುವ ಅತ್ತಿಗೆಯ ಅರ್ಧ ತಾಳ್ಮೆ ಖರ್ಚಾಗುತ್ತಿತ್ತು. ವಾದ್ಯಗಳನ್ನು ಬಾಡಿಗೆಗೆ ಕೊಡುವ ವ್ಯಾಪಾರದಲ್ಲಿ ಅದು ದುಬಾರಿಯೇ. ಅದಕ್ಕೆಂದೇ ನಾದಿನಿ ಕಂಪ್ಯೂಟರಿನಲ್ಲಿ ಡೇಟಾಬೇಸ್ ಕಟ್ಟಿಕೊಟ್ಟಳು. ‘ವಾದ್ಯ’ ಎಂಬುದು ತಾಯಿ ಟೇಬಲ್, ಅಂದರೆ ಮೂಲ ಪಟ್ಟಿ. ತಂತಿವಾದ್ಯ, ಚರ್ಮವಾದ್ಯ ಅದರ ಮಕ್ಕಳು. ನಂಬರು, ಬಾಡಿಗೆ, ಸ್ಥಿತಿ ಎಂಬ ಕಾಲಂಗಳು ತಾಯಿಯಿಂದ ಬಳುವಳಿಯಾಗಿ ಬರುತ್ತಿದ್ದವು. ಒಂದೇ ನಂಬರು ಎರಡು ಸಲ ಬರಕೂಡದೆಂದು ತಾಯಿಗೆ ಇಂಡೆಕ್ಸ್ ಎಂಬ ಕಾವಲು ಹಾಕಿ ಕಟ್ಟುನಿಟ್ಟು ಮಾಡಿದ್ದಳು. ಹುಡುಕುವುದಕ್ಕೂ ಅದೇ ಆಸರೆ. ಕೌಂಟರಿಗೊಂದು ವ್ಯೂ. ರಿಪೇರಿಯ ರಗಳೆ, ಹಳೇ ಗಿರಾಕಿಗಳ ಗೋಳು ಯಾವುದೂ ಕಾಣದೆ, ಸದ್ಯ ಅಂಗಡಿಯಲ್ಲಿರುವ ವಾದ್ಯಗಳಷ್ಟೇ ಕಾಣುವ ಕಿಟಕಿ ಅದು.

“ಒಂದು ವಾರ ನೋಡ್ತೀನಿ ಕಣೇ. ಕೈ ಕೊಡ್ತೋ, ಇದನ್ನ ತೆಗೆದು ಆಚೆ ಇಡ್ತೀನಿ,” ಎಂದಿದ್ದಳು ಅತ್ತಿಗೆ.

ವಾರದ ಕೊನೆಯ ದಿನ ಸಂಗೀತದ ಮೇಷ್ಟ್ರು ಪಿಟೀಲು ಕೇಳಿಕೊಂಡು ಬಂದರು. ಸಂಜೆಯೇ ಶಾಲೆಯಲ್ಲಿ ಕಾರ್ಯಕ್ರಮ. ನಲವತ್ತನೇ ನಂಬರಿನ ಪಿಟೀಲು ಇದೆಯೆಂದು ವ್ಯೂ ಹೇಳಿತು. ಕಪಾಟು ಖಾಲಿ.

“ಪರದೆ ಮೇಲಿರೋದನ್ನೇ ನುಡಿಸ್ಲೇನಮ್ಮ?” ಎಂದರು ಮೇಷ್ಟ್ರು.

ನಾದಿನಿ ಕೂಡಲೇ ಟೇಬಲ್‌ಗಳನ್ನು ತೆರೆದಳು. ಕೆದಕಿ ನೋಡಿದರೆ, ಒಂದು ಡ್ರಮ್ಮಿಗೂ ನಲವತ್ತೇ ನಂಬರು! ಬೆಳಿಗ್ಗೆ ಡ್ರಮ್ಮು ಹಿಂದಿರುಗಿದಾಗ ಅತ್ತಿಗೆ ಆ ನಂಬರು ಒತ್ತಿ ‘ವಾಪಸ್ ಬಂತು’ ಎಂದು ಗುರುತು ಮಾಡಿದ್ದಳು. ಇನ್ನೂ ಬಾಡಿಗೆಯಲ್ಲೇ ಇದ್ದ ಪಿಟೀಲು ಕೂಡ ಲೆಕ್ಕದಲ್ಲಿ ಮನೆ ಸೇರಿಬಿಟ್ಟಿತ್ತು.

“ತಪ್ಪು ನಂದೇ ಅತ್ತಿಗೆ. ಕಾಲಂಗಳು ತಾಯಿಯಿಂದ ಮಕ್ಕಳಿಗೆ ಬರುತ್ವೆ. ತಾಯಿಗೆ ಹಾಕಿದ ಇಂಡೆಕ್ಸ್ ಬರಲ್ಲ, ಅದಕ್ಕೇ ಎರಡಕ್ಕೂ ಒಂದೇ ನಂಬರು ಬಿತ್ತು. ಅದು ನನಗೆ ಹೊಳೀಲೇ ಇಲ್ಲ.”

“ಆಸ್ತಿ ಬಂತು, ಶಿಸ್ತು ಬರ್ಲಿಲ್ಲ ಅನ್ನು. ಥೇಟ್ ನಿಮ್ಮಣ್ಣ!”

ಮೇಷ್ಟ್ರು ಗೊಳ್ಳೆಂದು ನಕ್ಕರು. ಅತ್ತಿಗೆ ಒಳಗೆ ಹೋಗಿ ತನ್ನ ಸ್ವಂತ ಪಿಟೀಲು ತಂದು ಅವರ ಕೈಗಿತ್ತಳು. “ಬಾಡಿಗೆ ಬೇಡ ಮೇಷ್ಟ್ರೇ, ತಂತಿ ಹರೀದೆ ತಂದ್ಕೊಡಿ ಸಾಕು.”

ನಾದಿನಿ ಊಟಕ್ಕೂ ಏಳಲಿಲ್ಲ. ಪ್ರತಿ ಮಗುವಿಗೂ ಅದರದೇ ಇಂಡೆಕ್ಸ್ ಹಾಕಿದಳು. ತಂತಿಯವಕ್ಕೆ ಸಾವಿರದಿಂದ, ಚರ್ಮದವಕ್ಕೆ ಎರಡು ಸಾವಿರದಿಂದ ನಂಬರು ಕೊಟ್ಟು, ಒಂದರ ನಂಬರು ಇನ್ನೊಂದಕ್ಕೆ ನುಗ್ಗದಂತೆ ಬೇಲಿ ಕಟ್ಟಿದಳು. ಅತ್ತಿಗೆ ಬೇಕೆಂದೇ ಡ್ರಮ್ಮಿಗೆ ಪಿಟೀಲಿನ ನಂಬರು ಹಾಕಿ ನೋಡಿದಳು. ಟೇಬಲ್ ಸುತರಾಂ ಒಪ್ಪಲಿಲ್ಲ. ಮತ್ತೊಮ್ಮೆ ಹಾಕಿದಳು. ಊಹೂಂ.

“ನನಗಿಂತ ಹಟಮಾರಿ. ಇರ್ಲಿ ಬಿಡು, ಇಲ್ಲೇ ಇರ್ಲಿ. ನೀನು ಮೊದಲು ಊಟಕ್ಕೇಳು.”

ಹೋದದ್ದು ಒಂದು ಪಿಟೀಲಿನ ಒಂದು ದಿನದ ಬಾಡಿಗೆ. ಡೇಟಾಬೇಸ್ ಅಂಗಡಿಯಲ್ಲೇ ಉಳಿಯಿತು.