ಇವತ್ತಿನ ಅಪರಾಹ್ನದಿಂದ

ಸರ್ಕಾರಿ ಕೆಲಸ ಬಿಡುವವರ ಬಿಡುಗಡೆ ವರದಿಯ ನಮೂನೆಯಲ್ಲಿ ದಿನಾಂಕದ ಮುಂದೆ ಎರಡು ಪದಗಳಿರುತ್ತವೆ. ಪೂರ್ವಾಹ್ನ, ಅಪರಾಹ್ನ. ಬೇಡದ್ದನ್ನು ಹೊಡೆದುಹಾಕಬೇಕು. ದಾಕ್ಷಾಯಿಣಿ ಪೆನ್ನು ಹಿಡಿದು ಆ ಪದಗಳನ್ನೇ ನೋಡುತ್ತಿದ್ದಳು.

"ನಿನ್ನೆ ತಾರೀಖು ಹಾಕಿ, ಅಪರಾಹ್ನ ಅಂತ ಉಳಿಸಿ. ಮುಗೀತು," ಎಂದರು ಹೆಡ್‌ಮಾಸ್ಟರ್ ಶಿವಶಂಕರಪ್ಪ. ಅವರ ಮೇಜಿನ ಗಡಿಯಾರದಲ್ಲಿ ಹತ್ತು ಐವತ್ತಾಗಿತ್ತು. ಹೊರಗೆ ಅವಳನ್ನು ನಾಮಪತ್ರ ಪರಿಶೀಲನೆಗೆ ಕರೆದೊಯ್ಯಲು ಬಂದಿದ್ದ ಕಲ್ಲೇಶಪ್ಪನ ಜೀಪು ಎರಡು ಸಲ ಹಾರ್ನ್ ಹೊಡೆದಿತ್ತು.

"ನಿನ್ನೆ ಸ್ಕೂಲು ಬಿಡೋವಾಗ ಆದೇಶವೇ ಬಂದಿರಲಿಲ್ಲ ಸರ್."

"ಹಾಗಾದ್ರೆ ಇವತ್ತು ಪೂರ್ವಾಹ್ನ ಹಾಕಿ."

"ಪೂರ್ವಾಹ್ನ ಅಂದ್ರೆ ಇವತ್ತು ಡ್ಯೂಟಿ ಮಾಡಿಲ್ಲ ಅಂತ ಅರ್ಥ. ಹಾಜರಿ ಪುಸ್ತಕದಲ್ಲಿ ಸಹಿ ಹಾಕಿದೀನಿ. ಹತ್ತನೇ ಕ್ಲಾಸಿಗೆ ಪಾಠ ಮಾಡಿ ಈಗ ಬಂದೆ."

"ಯಾರು ಮಾಡಿ ಅಂದ್ರು ನಿಮಗೆ?"

ಯಾರೂ ಹೇಳಿರಲಿಲ್ಲ. ಪೀನ ಮಸೂರದಲ್ಲಿ ಬಿಂಬ ಮೂಡುವ ಆರು ಪ್ರಕರಣಗಳಲ್ಲಿ ನಾಲ್ಕು ಮುಗಿದಿದ್ದವು. ಉಳಿದ ಎರಡನ್ನು ಇನ್ನೊಬ್ಬರು ಬಂದು ಮೊದಲಿನಿಂದ ಶುರುಮಾಡಬೇಕಾಗುತ್ತದೆಂದು ಅವಳು ಬೆಳಿಗ್ಗೆ ಎಂದಿನ ಬಸ್ಸಿಗೇ ಬಂದು, ಎಂದಿನಂತೆ ಸಹಿ ಹಾಕಿ, ಸೀಮೆಸುಣ್ಣ ತೆಗೆದುಕೊಂಡು ತರಗತಿಗೆ ಹೋಗಿದ್ದಳು. ರಾಜೀನಾಮೆ ನಿನ್ನೆಯ ತಾರೀಖಿನಲ್ಲೇ ಅಂಗೀಕಾರವಾಗಿದೆ, ನಾಮಪತ್ರ ಪರಿಶೀಲನೆಗೆ ಅಷ್ಟು ಸಾಕು ಎಂಬುದು ಅವಳ ನಂಬಿಕೆ. ಪೂರ್ವಾಹ್ನ ಎಂಬ ಪದದ ಮೇಲೆ ಗೀಟೆಳೆದು ಸಹಿ ಮಾಡಿದಳು. ಶಿವಶಂಕರಪ್ಪನವರು ಮೇಲುಸಹಿ ಹಾಕಿ ಮೊಹರು ಒತ್ತಿ, ಒಂದು ಪ್ರತಿಯನ್ನು ಅವಳ ಕೈಗೆ ಕೊಟ್ಟರು.

ಅದು ೨೦೦೫ರ ಡಿಸೆಂಬರ್. ತಾಲ್ಲೂಕು ಪಂಚಾಯಿತಿಯ ಮುತ್ತಿನಕೊಪ್ಪ ಕ್ಷೇತ್ರ ಮಹಿಳೆಗೆ ಮೀಸಲಾಗಿತ್ತು. ಅಡಿಕೆ ವ್ಯಾಪಾರದ ಕಲ್ಲೇಶಪ್ಪ ಪಕ್ಷದ ಟಿಕೆಟನ್ನು ಹಿಡಿದುಕೊಂಡೇ ಅವಳ ಬಾಡಿಗೆ ಮನೆಗೆ ಬಂದಿದ್ದ. "ಸುತ್ತಿನ ಹಳ್ಳೀಲಿ ಅರ್ಧ ಜನ ನಿಮ್ಮ ಸ್ಟೂಡೆಂಟ್ಸು ಮೇಡಂ. ಪೋಸ್ಟರೂ ಬೇಡ ನಿಮಗೆ," ಅಂದಿದ್ದ. ದಾಕ್ಷಾಯಿಣಿ ಒಪ್ಪಿದ್ದು ಆ ಮಾತಿಗಲ್ಲ. ಏಳು ವರ್ಷಗಳಿಂದ ಅವಳು ಮಕ್ಕಳ ಜೊತೆ ಕೇರಿ ಕೇರಿಯ ಬೋರ್‌ವೆಲ್ ನೀರು ತಂದು ಪರೀಕ್ಷೆ ಮಾಡಿಸುತ್ತಿದ್ದಳು. ಹದಿನಾಲ್ಕು ಬೋರ್‌ವೆಲ್‌ಗಳಲ್ಲಿ ಒಂಬತ್ತರಲ್ಲಿ ಕಬ್ಬಿಣದ ಅಂಶ ಮಿತಿ ಮೀರಿತ್ತು. ಐದು ಪತ್ರ ಬರೆದಿದ್ದಳು. ಸರ್ಕಾರಿ ನೌಕರಳಾದ್ದರಿಂದ ಪ್ರತಿ ಪತ್ರವೂ ಮೇಲಧಿಕಾರಿಗಳ ಮೂಲಕವೇ ಹೋಗಬೇಕು, ಪತ್ರಿಕೆಯವರ ಜೊತೆ ಮಾತಾಡುವಂತಿಲ್ಲ. ಐದರಲ್ಲಿ ಒಂದಕ್ಕೂ ಉತ್ತರ ಬಂದಿರಲಿಲ್ಲ. ಆ ಪತ್ರಗಳು ಹೋಗಿ ಬೀಳುವ ಕೋಣೆಯ ಒಳಗೆ ಒಂದು ಕುರ್ಚಿ ಸಿಗುವುದಾದರೆ ಎಂದು ಅವಳು ಯೋಚಿಸಿದ್ದಳು.

ಬೆಲೆ ಎಷ್ಟೆಂಬುದು ಅವಳಿಗೆ ಗೊತ್ತಿತ್ತು. ಸ್ವಯಂ ನಿವೃತ್ತಿಗೆ ಮೂರು ತಿಂಗಳ ನೋಟಿಸು ಕೊಡಬೇಕು, ಚುನಾವಣೆಗೆ ಅಷ್ಟು ದಿನವಿರಲಿಲ್ಲ. ರಾಜೀನಾಮೆ ಕೊಟ್ಟರೆ ಇಪ್ಪತ್ತೊಂದು ವರ್ಷದ ಸೇವೆಗೆ ಪಿಂಚಣಿಯಿಲ್ಲ. ನಲವತ್ತೇಳು ವಯಸ್ಸು, ಮದುವೆಯಾಗಿರಲಿಲ್ಲ, ಕೇಳಿ ನಿರ್ಧರಿಸಬೇಕಾದ ಜನ ಮನೆಯಲ್ಲಿರಲಿಲ್ಲ. ಒಂದು ರಾತ್ರಿ ಯೋಚಿಸಿ ಬೆಳಿಗ್ಗೆ ರಾಜೀನಾಮೆ ಬರೆದಿದ್ದಳು. ಹತ್ತು ದಿನದ ನಂತರ, ಮಂಗಳವಾರ, ಅರ್ಧ ದಿನ ರಜೆ ಹಾಕಿ ನಾಮಪತ್ರ ಸಲ್ಲಿಸಿ ಬಂದಿದ್ದಳು. ಅದೇ ದಿನ ಕಲ್ಲೇಶಪ್ಪ ತನ್ನ ಹೆಂಡತಿ ಗಂಗಾಂಬಿಕೆಯ ಕೈಯಲ್ಲೂ ಒಂದು ನಾಮಪತ್ರ ಹಾಕಿಸಿದ್ದ. "ಡಮ್ಮಿ ಮೇಡಂ. ಎಲ್ಲಾ ಪಾರ್ಟಿಯೋರೂ ಹಾಕ್ತಾರೆ. ಆಮೇಲೆ ವಾಪಸ್ ತಗೊಳ್ಳೋದು." ರಾಜೀನಾಮೆ ಅಂಗೀಕಾರದ ಆದೇಶವನ್ನು ಚಿಕ್ಕಮಗಳೂರಿನಿಂದ ಕಲ್ಲೇಶಪ್ಪನ ಕಡೆಯವನೇ ಬುಧವಾರ ಸಂಜೆ ತಂದುಕೊಟ್ಟಿದ್ದ. ಇವತ್ತು, ಗುರುವಾರ, ಹನ್ನೊಂದಕ್ಕೆ ಪರಿಶೀಲನೆ.

ನರಸಿಂಹರಾಜಪುರ ಮುಟ್ಟುವಾಗ ಹನ್ನೊಂದೂ ಹತ್ತು. ತಾಲ್ಲೂಕು ಕಚೇರಿಯ ಕೋಣೆಯಲ್ಲಿ ಅಭ್ಯರ್ಥಿಗಳು, ಏಜೆಂಟರು ಒತ್ತಾಗಿ ಕೂತಿದ್ದರು. ಮುತ್ತಿನಕೊಪ್ಪದ ಸರದಿ ಬಂದಾಗ ಚುನಾವಣಾಧಿಕಾರಿ ಅವಳ ಆದೇಶವನ್ನು ಎರಡು ಸಲ ಓದಿದರು.

"ಅಂಗೀಕಾರ ನಿನ್ನೆಯದು, ಸರಿ. ಆದರೆ ಇಲ್ಲಿ 'ಕರ್ತವ್ಯದಿಂದ ಬಿಡುಗಡೆಯಾದಂದಿನಿಂದ ಜಾರಿಗೆ ಬರುವಂತೆ' ಅಂತಿದೆ. ಬಿಡುಗಡೆ ವರದಿ ಎಲ್ಲಿ?"

ಅವಳು ಕೊಟ್ಟಳು. ಎದುರು ಪಕ್ಷದ ಏಜೆಂಟ್ ಸೋಮನಾಥ್ ಎದ್ದು ಬಂದು ಬಗ್ಗಿ ನೋಡಿದ.

"ಇವತ್ತಿನ ಅಪರಾಹ್ನದಿಂದ," ಎಂದು ಗಟ್ಟಿಯಾಗಿ ಓದಿದ. "ಈಗ ಹನ್ನೊಂದೂವರೆ ಸಾರ್. ಮೇಡಂ ಇನ್ನೂ ಸರ್ಕಾರದೋರು. ಊಟದ ಬೆಲ್ ಹೊಡೆದ ಮೇಲೆ ನಮ್ಮೋರಾಗ್ತಾರೆ."

ಯಾರೋ ನಕ್ಕರು. ಅಧಿಕಾರಿ ನಗಲಿಲ್ಲ. "ಮೇಡಂ, ಇದು ಕೈತಪ್ಪಿ ಆದದ್ದಾ? ನೀವು ಬೆಳಿಗ್ಗೆಯೇ ಬಿಟ್ಟಿದ್ದು ನಿಜವಾದ್ರೆ ಹೇಳಿ, ಹೇಳಿಕೆ ಬರ್ಕೊಳ್ತೀನಿ. ಹೆಡ್‌ಮಾಸ್ಟರಿಗೆ ಫೋನ್ ಮಾಡಿ ಕೇಳ್ತೀನಿ."

"ಕೈತಪ್ಪು ಅನ್ನಿ," ಎಂದ ಕಲ್ಲೇಶಪ್ಪ, ಬೆನ್ನ ಹಿಂದಿನಿಂದ. "ಅನ್ನಿ ಮಾರಾಯ್ರೆ."

ಶಿವಶಂಕರಪ್ಪನವರು ಫೋನಿನಲ್ಲಿ ಹೌದು, ಬೆಳಿಗ್ಗೆಯೇ ಬಿಟ್ಟರು ಅನ್ನುತ್ತಾರೆ ಎಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಕೇಳಿದರೆ ಹತ್ತನೇ ತರಗತಿಯ ನಲವತ್ತೆರಡು ಮಕ್ಕಳೂ ಅವಳಿಗಾಗಿ ಹಾಗೆಯೇ ಅನ್ನುತ್ತಾರೆ. ಹಲಗೆಯ ಮೇಲೆ ಅವಳು ಎಳೆದ ಕಿರಣಗಳನ್ನು ಇಷ್ಟರಲ್ಲಿ ಒರೆಸಿರುತ್ತಾರೆ.

"ಪಾಠ ಮಾಡಿದೀನಿ ಸರ್. ಹತ್ತರಿಂದ ಹತ್ತೂ ಮುಕ್ಕಾಲರವರೆಗೆ."

ಅಧಿಕಾರಿ ತಿರಸ್ಕೃತ ಎಂದು ಬರೆದು, ಕಾರಣವನ್ನು ಬರೆದು, ಮುಂದಿನ ಹಾಳೆ ತೆಗೆದರು. ಗಂಗಾಂಬಿಕೆ, ಗಂಡ ಕಲ್ಲೇಶಪ್ಪ. ಕ್ರಮಬದ್ಧ.

ಹೊರಗೆ ಜೀಪಿನ ಹತ್ತಿರ ಗಂಗಾಂಬಿಕೆ ಅವಳ ಕೈ ಹಿಡಿದುಕೊಂಡಳು. "ಅಕ್ಕಾ, ನಂಗೆಂತದೂ ಗೊತ್ತಿಲ್ಲ. ಸೈನ್ ಹಾಕು ಅಂದ್ರು, ಹಾಕ್ದೆ. ಮೀಟಿಂಗಲ್ಲಿ ಎಂತ ಮಾತಾಡೋದು ನಾನು?"

"ನೀರಿನ ವಿಷಯ ಮಾತಾಡು. ರಿಪೋರ್ಟುಗಳನ್ನ ನಾನು ಕೊಡ್ತೀನಿ."

"ಈಗ ಅದೆಲ್ಲ ಬೇಡ," ಎಂದ ಕಲ್ಲೇಶಪ್ಪ. ಸಿಟ್ಟಿರಲಿಲ್ಲ, ಅವಸರವಿತ್ತು. "ಒಂದು ಗೀಟು, ಮೇಡಂ. ಈ ಕಡೆ ಎಳೆಯೋದು ಆ ಕಡೆ ಎಳೆದ್ರಿ. ಬಸ್ಸಿಗೆ ಹೋಗ್ತೀರಲ್ಲ? ನಮಗೆ ಪ್ರಚಾರಕ್ಕೆ ಹೋಗ್ಬೇಕು."

ಶಾಲೆಗೆ ಅವಳು ವಾಪಸು ಬಂದಾಗ ಎರಡೂವರೆ. ಶಿವಶಂಕರಪ್ಪನವರಿಗೆ ಸುದ್ದಿ ಮೊದಲೇ ಮುಟ್ಟಿತ್ತು. ಅವರು ಎದ್ದು ಬಾಗಿಲು ಮುಂದೆ ಮಾಡಿದರು.

"ನಿಮ್ಮ ವರದಿ ನಾನಿನ್ನೂ ಮೇಲೆ ಕಳಿಸಿಲ್ಲ. ಇಲ್ಲೇ ಇದೆ. ರಾಜೀನಾಮೆ ಹಿಂದಕ್ಕೆ ತಗೊಳ್ತೀನಿ ಅಂತ ಒಂದು ಅರ್ಜಿ ಬರೀರಿ. ಜಾರಿಗೆ ಬರೋ ಮುಂಚೆ ಕೊಟ್ರೆ ಮಾನ್ಯ ಮಾಡ್ತಾರೆ."

"ಅಪರಾಹ್ನ ಆಯ್ತಲ್ಲ ಸರ್."

"ಆಫೀಸು ಮುಚ್ಚೋದು ಐದೂವರೆಗೆ. ಅಲ್ಲಿವರೆಗೂ ಟೈಮುಂಟು, ನಾನು ಹೇಳ್ತೀನಲ್ಲ." ಒಂದು ಬಿಳಿ ಹಾಳೆ ಅವಳ ಮುಂದಿಟ್ಟರು. "ಕಾರಣ ಕೌಟುಂಬಿಕ ಅಂತ ಹಾಕಿ. ಅದನ್ನ ಯಾರೂ ಪ್ರಶ್ನೆ ಮಾಡಲ್ಲ."

ಅವಳು 'ಇವರಿಗೆ' ಬರೆದಳು. 'ವಿಷಯ' ಬರೆದಳು. ಕಾರಣದ ಹತ್ತಿರ ಬಂದು ನಿಂತಳು. ಹಿಂದಕ್ಕೆ ತೆಗೆದುಕೊಂಡರೆ ಸೇವೆ ಒಂದು ದಿನವೂ ಕಡಿಯದೆ ಮುಂದುವರಿಯುತ್ತದೆ. ಹಾಗಾದರೆ ಮಂಗಳವಾರ ನಾಮಪತ್ರ ಹಾಕಿದ್ದು ಒಬ್ಬ ಸರ್ಕಾರಿ ನೌಕರಳು. ನಡತೆ ನಿಯಮದ ಪ್ರಕಾರ ಅದೇ ಅಪರಾಧ, ವಿಚಾರಣೆಯಾಗುತ್ತದೆ. ಏನೋ ಗೊತ್ತಿಲ್ಲದೆ ಸಹಿ ಹಾಕಿದೆ, ಯಾರೋ ಹೇಳಿದರು ಎಂದು ಬರೆದುಕೊಟ್ಟರೆ ಒಂದು ವೇತನ ಬಡ್ತಿ ತಡೆದು ಅಷ್ಟಕ್ಕೇ ಬಿಡುತ್ತಾರೆ. ಅದಕ್ಕಿಂತ ಮೊದಲು ಕೌಟುಂಬಿಕ ಎಂಬ ಪದವಿತ್ತು. ಅವಳಿಗೆ ಕುಟುಂಬ ಎಂದು ಹೆಸರಿಸಲು ಒಬ್ಬರೂ ಇರಲಿಲ್ಲ.

ಪಕ್ಕದ ಕೋಣೆಯಲ್ಲಿ ಒಂಬತ್ತನೇ ತರಗತಿಯವರು ಮಗ್ಗಿ ಹೇಳುವ ಧಾಟಿಯಲ್ಲಿ ಚಲನೆಯ ನಿಯಮ ಓದುತ್ತಿದ್ದರು. ಅದು ಅವಳ ಪೀರಿಯಡ್ಡು. ಕನ್ನಡದ ಮೇಷ್ಟ್ರನ್ನು ಕಳಿಸಿದ್ದರು, ಅವರು ಎಲ್ಲರ ಕೈಲೂ ಗಟ್ಟಿಯಾಗಿ ಓದಿಸುತ್ತಿದ್ದರು.

"ಬರೀರಿ," ಎಂದರು ಶಿವಶಂಕರಪ್ಪ. "ಒಂದು ಸುಳ್ಳಿಗೆ ಯಾರೂ ಸಾಯಲ್ಲ. ಬೆಳಿಗ್ಗೇನೂ ಅದನ್ನೇ ಹೇಳಿದ್ದೆ ನಾನು."

"ಬೆಳಿಗ್ಗೆ ಅಧಿಕಾರಿಗಳೂ ಅದನ್ನೇ ಕೇಳಿದ್ರು ಸರ್. ಆಗ ಹೇಳಿದ್ದಿದ್ರೆ ಗೆಲ್ಲೋದಾದ್ರೂ ಇತ್ತು. ಈಗ ಸಂಬಳಕ್ಕೋಸ್ಕರ ಹೇಳೋದಾ?"

ಅವಳು ಪೆನ್ನಿಗೆ ಮುಚ್ಚಳ ಹಾಕಿ ಹಾಳೆಯನ್ನು ಅವರ ಕಡೆ ಸರಿಸಿದಳು. ಅವರು ಡ್ರಾಯರಿನಿಂದ ಬೆಳಗಿನ ವರದಿ ತೆಗೆದು, ಬಹಳ ಹೊತ್ತು ಹಿಡಿದುಕೊಂಡಿದ್ದು, ಲಕೋಟೆಗೆ ಹಾಕಿ ಅಂಟಿಸಿದರು.

"ಬೀಳ್ಕೊಡುಗೆ ಒಂದು ಇಟ್ಕೊಳ್ಳೋಣ, ಶನಿವಾರ," ಎಂದರು.

"ಎಲೆಕ್ಷನ್ ಮುಗೀಲಿ ಸರ್. ನೀತಿ ಸಂಹಿತೆ ಇರೋವಾಗ ಮಾಡಿದ್ರೆ ನಿಮ್ಮನ್ನೂ ಕಾರಣ ಕೇಳ್ತಾರೆ."

ಮರುದಿನ ಬೆಳಿಗ್ಗೆ ಎಂಟೂ ಮುಕ್ಕಾಲಕ್ಕೆ ಅವಳು ಹಾಲಿನ ಪ್ಯಾಕೆಟು ಹಿಡಿದು ಬೀದಿ ದಾಟುತ್ತಿದ್ದಳು. ಬಸ್ಸು ತಿರುವಿನಲ್ಲಿ ಬಂದದ್ದು, ಸ್ಟಾಪಿಲ್ಲದ ಆ ಜಾಗದಲ್ಲಿ, ಅವಳ ಮನೆಯ ಎದುರಿಗೆ ನಿಂತಿತು. ಹನ್ನೊಂದು ವರ್ಷಗಳಿಂದ ಹಾಗೇ ನಿಲ್ಲುತ್ತಿತ್ತು. ಕಂಡಕ್ಟರ್ ಬಾಗಿಲು ತೆರೆದು ಕಾದ.

"ಬನ್ನಿ ಮೇಡಂ. ಬ್ಯಾಗು ಎಲ್ಲಿ ಇವತ್ತು?"

ಕಿಟಕಿಯಲ್ಲಿ ನಾಲ್ಕೈದು ಹುಡುಗಿಯರು, ಹತ್ತನೆಯ ತರಗತಿಯವರು, ಅವಳಿಗಾಗಿ ಸೀಟು ಬಿಟ್ಟು ಎದ್ದು ನಿಂತಿದ್ದರು. ದಾಕ್ಷಾಯಿಣಿ ಹೋಗಿ ಎಂಬಂತೆ ಕೈ ಬೀಸಿದಳು. ಕಂಡಕ್ಟರ್‌ಗೆ ಅರ್ಥವಾಗಲಿಲ್ಲ. ಅವಳು ಇನ್ನೊಂದು ಸಲ ಬೀಸಬೇಕಾಯಿತು. ಅವನು ಸೀಟಿ ಊದಿದ.