ಎಪ್ಪತ್ತೇಳರ ಚುಕ್ಕೆ

ನಲವತ್ತೊಂಬತ್ತನೇ ವಯಸ್ಸಿನಲ್ಲಿ ಸರಾಸರಿ ಎಂದರೇನು ಎಂದು ಕಲಿಯಲು ಹೊರಟವನಿಗೆ ಎಷ್ಟು ಮರ್ಯಾದೆ ಸಿಗುತ್ತದೆ ಎಂದು ಕೇಳಬೇಡಿ. ಡುಲೂತ್ ಬಂದರಿನ ಧಾನ್ಯದ ಗೋದಾಮಿನಲ್ಲಿ ಇಪ್ಪತ್ತಾರು ವರ್ಷ ದುಡಿದೆ. ಅದು ಮುಚ್ಚಿದ ವರ್ಷವೇ ಹೆಂಡತಿ ಕ್ಯಾರಲ್ ತೀರಿಕೊಂಡಳು. ಮನೋವಿಜ್ಞಾನ ಓದಿ ನೊಂದವರಿಗೆ ನೆರವಾಗುತ್ತೇನೆಂದು ಕಾಲೇಜು ಸೇರಿದರೆ, ಮೊದಲು ತಗುಲಿಕೊಂಡದ್ದು ಅಂಕಿಗಳು.

ಸಂಖ್ಯಾಶಾಸ್ತ್ರ ಕಲಿಸುವ ನಮ್ಮ ಹಾಲ್ವರ್ಸನ್ ಮೇಡಂ ಪುಸ್ತಕದ ಅಂಕಿಗಳನ್ನು ಮುಟ್ಟುವುದಿಲ್ಲ. ತರಗತಿಯಿಂದಲೇ ಅಂಕಿ ತೆಗೆದು ಕಲಿಸುತ್ತಾರೆ. ಆ ಸಲ ಒಂಟಿತನದ ಬಗ್ಗೆ ಇಪ್ಪತ್ತು ಪ್ರಶ್ನೆಗಳ ಹಾಳೆ ಹಂಚಿದರು. 'ಎಂದೂ ಇಲ್ಲ' ಎಂದರೆ ಒಂದು, 'ಯಾವಾಗಲೂ' ಎಂದರೆ ನಾಲ್ಕು. ಒಟ್ಟು ಎಂಬತ್ತರ ಹತ್ತಿರ ಹೋದಷ್ಟೂ ಒಂಟಿತನ ಹೆಚ್ಚು. ಹೆಸರು ಬರೆಯುವಂತಿಲ್ಲ. ಆ ಧೈರ್ಯದ ಮೇಲೆ ನಾನು ನಿಜ ಬರೆದೆ. ಯಾರಿಗೂ ಗೊತ್ತಾಗದಿರಲಿ ಎಂಬ ಆಸೆಯೂ ಇತ್ತು, ಯಾರಾದರೂ ಬಂದು ಕೇಳಲಿ ಎಂಬ ಆಸೆಯೂ ಇತ್ತು.

ಮನೆಮಂದಿಯೆಲ್ಲ ಕೂಡಿ ಟರ್ಕಿ ಕೋಳಿ ಉಣ್ಣುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ವಾರ, ಸೋಮವಾರ, ಬೋರ್ಡಿನ ಮೇಲೆ ಇಪ್ಪತ್ತಾರು ಚುಕ್ಕೆ ಬಿದ್ದವು. ಇಪ್ಪತ್ತೈದು ಒಟ್ಟಿಗಿದ್ದವು. ಒಂದು ಮಾತ್ರ ದೂರದ ಎಪ್ಪತ್ತೇಳರಲ್ಲಿ. ಅದು ನನ್ನದು.

"ಇದಕ್ಕೆ ಔಟ್‌ಲೈಯರ್ ಅಂತಾರೆ, ಗುಂಪಿಂದ ದೂರ ಬಿದ್ದದ್ದು," ಎಂದರು ಮೇಡಂ. "ಇದೊಂದೇ ಸರಾಸರೀನ ಮೂವತ್ತೆಂಟಕ್ಕೆ ಎಳೆದಿದೆ ನೋಡಿ."

"ಯಾರಪ್ಪಾ ಅದು, ಪಾಪದ ಪ್ರಾಣಿ?" ಹಿಂದಿನ ಸಾಲಿನ ಬ್ರಾಕ್ ಎಂಬ ಹುಡುಗ ಅಂದ. "ಕಿತ್ತು ಬಿಸಾಕಿ ಮೇಡಂ, ಲೆಕ್ಕ ನೆಟ್ಟಗಾಗುತ್ತೆ."

ಹುಡುಗರೆಲ್ಲ ನಕ್ಕರು.

"ನಮಗೆ ಅನುಕೂಲ ಇಲ್ಲ ಅಂತ ನಿಜವಾದ ಅಂಕಿ ಕೀಳೋ ಹಾಗಿಲ್ಲ," ಎಂದರು ಮೇಡಂ. "ಒಂದನ್ನ ನಾಲ್ಕು, ನಾಲ್ಕನ್ನ ಒಂದು ಅಂತ ಯಾರಾದ್ರೂ ತಿರುವುಮುರುವಾಗಿ ಓದ್ಕೊಂಡಿದ್ರೆ ಹೇಳಿ, ತಿದ್ದೋಣ. ಇಲ್ಲಾಂದ್ರೆ ಅದು ಅಲ್ಲೇ ಇರುತ್ತೆ. ಬರೆದವರು ಆಮೇಲೆ ನನ್ನನ್ನ ಬಂದು ನೋಡಲಿ."

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡತೊಡಗಿದರು. ಆ ಕಣ್ಣುಗಳು ನನ್ನ ಕಡೆ ತಿರುಗುವ ಮೊದಲೇ ನಾನು ಕೈ ಎತ್ತಿದೆ. ನಾಚಿಕೆಗೇಡಿನ ಕೆಲಸ, ಆದರೂ ಎತ್ತಿದೆ.

"ನಂದೇ ಮೇಡಂ. ಅವತ್ತು ಕನ್ನಡಕ ಮರೆತಿದ್ದೆ. ತಿರುವಿ ಓದ್ಕೊಂಡೆ."

ಮೇಡಂ ಚುಕ್ಕೆ ಒರೆಸಿದರು. ಉತ್ತರಗಳೆಲ್ಲ ತಿರುವಿದಾಗ ಎಪ್ಪತ್ತೇಳು ಹೋಗಿ ಇಪ್ಪತ್ತಮೂರಾಯಿತು. ಸರಾಸರಿ ಮೂವತ್ತಾರಕ್ಕಿಳಿಯಿತು. ಈಗ ಲೆಕ್ಕದ ಪ್ರಕಾರ ಇಡೀ ತರಗತಿಯಲ್ಲಿ ನನ್ನಷ್ಟು ಜನರ ನಡುವೆ ಬದುಕುವವನು ಇನ್ನೊಬ್ಬನಿರಲಿಲ್ಲ.

ಬಸ್ ನಿಲ್ದಾಣದಲ್ಲಿ ಟೆಸ್ಸಾ ಸಿಕ್ಕಳು. ತರಗತಿಯಲ್ಲಿ ನನ್ನ ಪಕ್ಕ ಕೂರುವ ಇಪ್ಪತ್ತರ ಹುಡುಗಿ.

"ಹೆದರಿಸಿಬಿಟ್ರಲ್ಲ ಅಜ್ಜ," ಎಂದಳು. "ಆ ಚುಕ್ಕೆ ನೋಡಿ ಪಾಪ ಅನ್ನಿಸ್ತು. ಯಾರು ಅಂತ ಪತ್ತೆ ಮಾಡಿ, ಗುರುವಾರ ಹಬ್ಬದೂಟಕ್ಕೆ ನಮ್ಮನೆಗೆ ಕರೀಬೇಕು ಅಂತಿದ್ದೆ. ಅಮ್ಮ ಪ್ರತಿ ವರ್ಷ ಒಂದು ತಟ್ಟೆ ಜಾಸ್ತಿ ಇಡ್ತಾಳೆ."

"ಈಗ?"

"ಈಗ್ಯಾಕೆ? ನೀವು ಇಪ್ಪತ್ತಮೂರು. ನಿಮ್ಮನೇಲಿ ಟರ್ಕಿ ಕಾಲಿಗೆ ಜಗಳಾನೇ ಆಗುತ್ತೇನೋ."

"ಹೂಂ," ಎಂದೆ. "ಕುರ್ಚಿಗಳೇ ಸಾಲಲ್ಲ."

ಅವಳು ನಗುತ್ತ ಬಸ್ಸು ಹತ್ತಿದಳು. ಬಾಗಿಲು ಮುಚ್ಚುವವರೆಗೂ ನಿಜ ಹೇಳಲು ಸಮಯವಿತ್ತು.